ರುಚಿ ನೋಡದ ನಾಗಮಣಿ

ಹೊರದೇಶದ ಅತ್ಲೋನ್ ಪೇಟೆಯಲ್ಲಿ ಯಾವ ಊಟಕ್ಕೆ ಯಾವ ವೈನ್ ಎಂದು ತಿಳಿಯದವರೆಲ್ಲ ಕೇಳುತ್ತಿದ್ದದ್ದು ನಾಗಮಣಿಯನ್ನು. ಮೈಸೂರಿನ ಅಗ್ರಹಾರದ ಸೊಸೆಯಾದ ನಾಗಮಣಿ ಹುಟ್ಟಿದಾಗಿನಿಂದ ಒಂದು ತೊಟ್ಟು ವೈನ್ ನಾಲಿಗೆಗೆ ತಾಗಿಸಿದವಳಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಗಂಡ ಅನಂತಕೃಷ್ಣನ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಬಂದವಳು ನೋಯೆಲ್ ಎಂಬಾತನ ಅಂಗಡಿಯಲ್ಲಿ ಮೊದಲು ಆಲೂಗಡ್ಡೆ ತೂಗುತ್ತಿದ್ದಳು. ಒಂದು ದಿನ ವೈನ್ ಕಪಾಟಿನ ಬಳಿ ತೆರೆದಿದ್ದ ಸೀಸೆಯನ್ನು ಸುಮ್ಮನೆ ಮೂಸಿ, "ಇದು ಕುರಿಮಾಂಸಕ್ಕೆ ಹೊಂದುತ್ತೆ, ಮೀನಿಗೆ ಬೇಡ" ಅಂದುಬಿಟ್ಟಳು. ಅವಳ ಮಾತು ಕೇಳಿ ಆ ವೈನ್ ಕೊಂಡವರು ಮಾರನೆಯ ದಿನ ಬಂದು ಹೊಗಳಿದರು. ಕುರಿಮಾಂಸವನ್ನೂ ಅವಳು ತಿಂದವಳಲ್ಲ, ಆ ಮಾತು ಬೇರೆ. ನೋಯೆಲ್ ಇಡೀ ಕಪಾಟನ್ನೇ ಅವಳಿಗೆ ಒಪ್ಪಿಸಿದ.

ಆ ಮೂಗು ಪಳಗಿದ್ದು ಅತ್ತೆ ರಾಜಮ್ಮನವರ ಗರಡಿಯಲ್ಲಿ. ನೈವೇದ್ಯಕ್ಕೆ ಮುಂಚೆ ರುಚಿ ನೋಡಿದರೆ ಅಡುಗೆ ಎಂಜಲು. ಹಾಗಾಗಿ ಸಾರಿನ ಹಬೆಯಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳಬೇಕು. ತಪ್ಪಿದರೆ ರಾಜಮ್ಮ ಬೈಯುತ್ತಿರಲಿಲ್ಲ, ಅವಳ ಎಲೆಗೆ ಅದೇ ಸಾರನ್ನು ಎರಡು ಸೌಟು ಹೆಚ್ಚಿಗೆ ಬಡಿಸುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ ಕಲಿತರೆ ಯಾರ ಮೂಗಾದರೂ ದಾರಿಗೆ ಬರುತ್ತದೆ.

ಈ ವರ್ಷ ನಾಗಮಣಿ ಹಟ ಹಿಡಿದು ಮಾದಿರಾನ್ ವೈನಿನ ಒಂದು ಮಾದರಿ ಸೀಸೆ ತರಿಸಿದಳು. ಫ್ರಾನ್ಸಿನ ಒಂದು ಮೂಲೆಯ ಆ ದ್ರಾಕ್ಷಿ ಸೀಮೆಯ ಹೆಸರನ್ನು ಅತ್ಲೋನಿನಲ್ಲಿ ಯಾರೂ ಕೇಳಿರಲಿಲ್ಲ. ನೇರಳೆಹಣ್ಣು, ಹುರಿದ ಮೆಣಸು, ಹಿಂದೆಯೇ ನೆಲ್ಲಿಕಾಯಿಯ ಒಗರು. ಮೂಸಿದವಳಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಅವಳ ಮಾತು ನಂಬಿ ನೋಯೆಲ್ ನಲವತ್ತು ಪೆಟ್ಟಿಗೆ ತರಿಸಿದ. ಅದು ಮಾರಾಟವಾಗಲೆಂದು ಶನಿವಾರ ಮಧ್ಯಾಹ್ನ ಜನರಿಗೆ ರುಚಿ ತೋರಿಸಲು ಆ ದ್ರಾಕ್ಷಿ ತೋಟದೊಡತಿ ಸಿಲ್ವಿಯನ್ನೇ ಕರೆಸಿದ.

ಅಂಗಡಿ ತುಂಬ ಜನ. ಮಧ್ಯದಲ್ಲೊಂದು ಬಕೆಟ್. ಬಂದವರು ರುಚಿ ನೋಡುವವರ ರೂಢಿಯಂತೆ ವೈನನ್ನು ಬಾಯಲ್ಲಿ ಮುಕ್ಕಳಿಸಿ ಒಬ್ಬರಾದ ಮೇಲೊಬ್ಬರು ಅದಕ್ಕೇ ಉಗುಳತೊಡಗಿದರು. ಕುಡಿಯುವುದಾದರೂ ಒಂದು ತರಹ, ಇಷ್ಟು ಜನರ ಎಂಜಲು ಒಂದೇ ಬಕೆಟ್ಟಿನಲ್ಲಿ! ನಾಗಮಣಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಗ್ರ್ಯಾಂಡ್! ಏನು ರುಚಿ!" ಎಂದ ನೋಯೆಲ್. ಎಲ್ಲರೂ ತಲೆದೂಗಿದರು. ಸಿಲ್ವಿ ಬಗ್ಗಿಸಿ ಕೊಡುವುದರಲ್ಲೇ ಮುಳುಗಿದ್ದಳು, ತಾನಿನ್ನೂ ಗ್ಲಾಸು ಎತ್ತಿರಲಿಲ್ಲ. ನಾಗಮಣಿಯ ಕೈಗೂ ಒಂದು ಗ್ಲಾಸು ಬಂತು. ಅದನ್ನು ಮೂಗಿನ ಬಳಿ ಹಿಡಿದಳು. ನೇರಳೆ ಇಲ್ಲ, ಮೆಣಸಿಲ್ಲ. ಮೂರು ದಿನ ಒದ್ದೆಯಾಗಿ ಬಿದ್ದ ಮಸಿಬಟ್ಟೆಯ ವಾಸನೆ.

ಸುಮ್ಮನಿದ್ದರೆ ಈ ಮುಗ್ಗಲನ್ನೇ ಜನ ಮಾದಿರಾನ್ ಎಂದು ನಂಬುತ್ತಾರೆ. ಬಾಯಿಬಿಟ್ಟರೆ ಗುಟ್ಟು ರಟ್ಟಾಗಿ ಮತ್ತೆ ಆಲೂಗಡ್ಡೆಯೇ ಗತಿ. ಅವಳಿಗೆ ನಿಜಕ್ಕೂ ಭಯವಾಯಿತು.

"ಈ ಸೀಸೆ ಕೆಟ್ಟಿದೆ" ಎಂದಳು.

"ಕುಡಿದು ನೋಡದೇ ಹೇಗೆ ಹೇಳ್ತೀಯ?" ನೋಯೆಲ್ ಕೇಳಿದ.

"ನಾನು ಯಾವತ್ತೂ ಕುಡಿದಿಲ್ಲ, ನೋಯೆಲ್. ಇದನ್ನಲ್ಲ, ಯಾವುದನ್ನೂ."

ಸಿಲ್ವಿ ಗ್ಲಾಸೆತ್ತಿ ಮೂಸಿದಳು, ಮುಖ ಹುಳ್ಳಗಾಯಿತು. "ಬಿರಡೆಯ ದೋಷ, ವೈನಿಗೆ ಮುಗ್ಗಲು ಹತ್ತಿದೆ. ಇವರು ಹೇಳಿದ್ದು ಸರಿ" ಎಂದು ಅದನ್ನು ಬಕೆಟ್ಟಿಗೆ ಸುರಿದು ಬೇರೆ ಸೀಸೆ ತೆಗೆದಳು. ಹೊಗಳಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಹೊಸ ಸೀಸೆಯಿಂದ ನೇರಳೆಯ ಪರಿಮಳ ಎದ್ದಿತು.

ನೋಯೆಲ್ ಗಲ್ಲ ಕೆರೆದುಕೊಂಡ. "ನಮ್ಮಪ್ಪ ನಲವತ್ತು ವರ್ಷ ಪಬ್ ನಡೆಸಿದ, ಒಂದು ಹನಿ ಕುಡಿಯಲಿಲ್ಲ. ಊರಲ್ಲಿ ಜನ ನಂಬ್ತಿದ್ದದ್ದು ಅವನೊಬ್ಬನನ್ನೇ" ಎಂದ. ಸೋಮವಾರ ಕಪಾಟಿನ ಮೇಲೆ ಬೋರ್ಡು ಬಂತು: 'ಕುಡಿಯದ ನಾಗಮಣಿ ಆರಿಸಿದ್ದು.' ನಲವತ್ತು ಪೆಟ್ಟಿಗೆ ಎರಡೇ ವಾರದಲ್ಲಿ ಖಾಲಿ.

ಅತ್ತೆಗೆ ಇಷ್ಟು ವರ್ಷ ದ್ರಾಕ್ಷಿರಸದ ಅಂಗಡಿ ಎಂದೇ ಹೇಳಿದ್ದಳು. ಫೋನಿನಲ್ಲಿ ಆ ದ್ರಾಕ್ಷಿರಸ ಕೆಟ್ಟ ಕಥೆಯನ್ನೂ ಬೋರ್ಡಿನ ಸುದ್ದಿಯನ್ನೂ ಉತ್ಸಾಹದಲ್ಲಿ ಹೇಳಿಬಿಟ್ಟಳು.

"ಬಾಯಿಗೆ ಹಾಕ್ಕೊಳ್ಳಲಿಲ್ಲ ತಾನೆ?" ರಾಜಮ್ಮ ಕೇಳಿದರು.

"ಇಲ್ಲ ಅತ್ತೆ, ದೇವರಾಣೆಗೂ."

"ಸರಿ. ಕುಡಿಯೋರಿಗೆ ಮಾರೋ ದ್ರಾಕ್ಷಿರಸ ಎಂಥದ್ದು ಅಂತ ನನಗೇನು ಗೊತ್ತಾಗಲ್ವೇನೇ?" ನಾಗಮಣಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ರಾಜಮ್ಮ ಮುಂದುವರಿಸಿದರು: "ಆ ಮೂಗು ತಿದ್ದಿದ್ದು ನಾನು. ಬೋರ್ಡಲ್ಲಿ ನನ್ನ ಹೆಸರೂ ಹಾಕ್ಸು."