ಹಕ್ಕಿಗಳು ಯಾರ ಹಿತ್ತಲಲ್ಲಿ?

ಗೆಳೆಯರೇ, ಕೊಲ್ಹಾರದ ಹಿನ್ನೀರಿನ ಜೌಗನ್ನು ಹಕ್ಕಿಗಳಿಗಾಗಿ ಸರಿಪಡಿಸುವ ಯೋಜನೆಯ ಸಭೆ ಇವತ್ತು ಬೆಳಿಗ್ಗೆ ನಡೆಯಿತು. ಹೊರಗಿನಿಂದ ಬಂದ ಅಧಿಕಾರಿ ನಕ್ಷೆ ಹಾಸಿ, "ಹಕ್ಕಿಗಳು ಎಲ್ಲಿ ಮೊಟ್ಟೆ ಇಡುತ್ತವೆ, ತೋರಿಸಿ" ಎಂದರು.

"ನಮ್ಮ ಹಿತ್ತಲದಾಗ್ರಿ," ಎಂದರು ಮಲ್ಲಪ್ಪಕಾಕಾ.

"ಏ ಮಲ್ಲಪ್ಪ, ಅದ್ಯಾವಾಗ ನಿಮ್ಮ ಹಿತ್ತಲಾತು? ಗ್ವಾಡಿಯಿಂದ ಇತ್ತಾಗ ಎಲ್ಲಾ ನಮ್ಮದು," ಎಂದು ಅವರ ಹಳೆಯ ನೆರೆಯವರಾದ ಶಿವಲಿಂಗವ್ವ ಎದ್ದುನಿಂತರು.

ನಕ್ಷೆಯಲ್ಲಿ ಗೋಡೆಯೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಬರೀ ನೀಲಿ ಬಣ್ಣ. ಹಳೇ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿ ದಶಕಗಳೇ ಆದವು. ಬೇಸಿಗೆಯಲ್ಲಿ ನೀರು ಇಳಿದಾಗ ಬುನಾದಿಗಳು ಕಾಣುತ್ತವೆ. ಆಗ ನಮ್ಮವರು ಹೋಗಿ ತಮ್ಮ ತಮ್ಮ ಹೊಸ್ತಿಲ ಕಲ್ಲಿಗೆ ಕುಂಕುಮ ಹಚ್ಚಿ ಬರುತ್ತಾರೆ.

ಇಬ್ಬರೂ ಗೇಣು ಜಾಗಕ್ಕಾಗಿ ಅರ್ಧ ತಾಸು ಜಗಳವಾಡಿದರು.

"ಮೊಟ್ಟೆ ಇಡುವ ಜಾಗಕ್ಕೆ ಬೇಲಿ ಹಾಕುತ್ತೇವೆ. ಬೇಸಿಗೆಯಲ್ಲಿ ಯಾರೂ ಒಳಗೆ ಕಾಲಿಡುವಂತಿಲ್ಲ," ಎಂದರು ಅಧಿಕಾರಿ.

ಮಲ್ಲಪ್ಪಕಾಕಾ ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ಅದು ಶಿವಲಿಂಗವ್ವಂದ ಇರಬೇಕು ಬಿಡ್ರಿ."

ಎಲ್ಲರೂ ನಕ್ಕರು. ಶಿವಲಿಂಗವ್ವ ನಗಲಿಲ್ಲ. "ನಮ್ಮ ಹೊಸ್ತಿಲಾನೂ ಬೇಲಿಯೊಳಗ ಬರ್ತೈತೇನ್ರಿ?"

ಬರುತ್ತದೆ ಎಂದರು ಅಧಿಕಾರಿ. ಶಿವಲಿಂಗವ್ವ ಕೂತುಕೊಂಡರು. "ಇರ್ಲಿ, ಹಾಕ್ರಿ. ಮನ್ಯಾಗ ಯಾರರ ಇದ್ದಂಗಾತು."

ಆಮೇಲೆ ಅಧಿಕಾರಿ ನನ್ನನ್ನೂ ಕೇಳಿದರು, ನಿಮ್ಮ ಮನೆ ಎಲ್ಲಿ ಬರುತ್ತದೆ ಎಂದು. ನಾನೂ ಆ ಊರಲ್ಲೇ ಹುಟ್ಟಿದವನು. ನೀಲಿಯ ಮೇಲೆ ಬೆರಳಿಡಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಜಗಳವಾಡುವಷ್ಟು ನೆನಪು ಕೂಡ ನನ್ನಲ್ಲಿ ಉಳಿದಿಲ್ಲ.