ಧಾರೆ ಮುಗಿದ ಮೇಲೆ ಹಾಕಿದ ಹಾಡು

ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷ ನಮ್ಮ ಕಡೆಯ ಮದುವೆಗಳಿಗೆ, ಯಾವ ಪುರೋಹಿತರೂ ಹೇಳಿಕೊಡದ ಒಂದು ಶಾಸ್ತ್ರ ಸೇರಿಕೊಂಡಿತ್ತು. ತಾಳಿ ಕಟ್ಟುವಾಗ ವಾಲಗದವರು ಗಟ್ಟಿಮೇಳ ಬಾರಿಸುವರು. ಅದು ನಿಂತ ಕೂಡಲೇ ಮೈಕ್‌ಸೆಟ್ಟಿನವರು ಆ ವಾರದ ‘ನಂಬರ್ ಒನ್’ ಹಾಡಿನ ಪ್ಲೇಟು ಹಾಕಬೇಕು. ಯಾವುದು ನಂಬರ್ ಒನ್ ಎಂಬುದನ್ನು ರೇಡಿಯೋ ತೀರ್ಮಾನಿಸುತ್ತಿತ್ತು. ವಾರಕ್ಕೊಮ್ಮೆ ಸಂಜೆ, ಕಡಲಾಚೆಯ ಕೇಂದ್ರವೊಂದು ಹಿಂದಿ ಸಿನಿಮಾ ಹಾಡುಗಳನ್ನು ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರಿಸುತ್ತಾ ಕೇಳಿಸುತ್ತಿತ್ತು. ನಮ್ಮ ಕೇರಿಯಲ್ಲಿ ಭಾಷೆ ನನ್ನೊಬ್ಬನನ್ನು ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಮೆಟ್ಟಿಲು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಹಿರಿಯೂರಿನಲ್ಲಿ ಒಂದು ಮದುವೆಗೆ ನಂಬರ್ ಎರಡನ್ನು ಹಾಕಿದರೆಂದು ಗಂಡಿನ ಕಡೆಯವರು ಊಟಕ್ಕೆ ಏಳದೆ ಕುಳಿತದ್ದು ನಮ್ಮ ಊರಿನ ತನಕ ಸುದ್ದಿಯಾಗಿತ್ತು.

ನನ್ನ ತಂಗಿಯ ಮದುವೆ ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ ನಿಶ್ಚಯವಾಗಿದ್ದದ್ದು ಆ ಪ್ರಸಾರದ ಮಾರನೆಯ ಬೆಳಿಗ್ಗೆ. ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಬಂದಿದ್ದೆ. ಕುರಿ ಮೇಯಿಸಿ, ಹೊಲ ಉತ್ತು ಬಂದ ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮೊದಲು ಕಂಡವನು ನಾನು. ಜೊತೆಗೆ ಹಿಂದಿ ಪರೀಕ್ಷೆಗಳನ್ನೂ ಕಟ್ಟಿ ಪಾಸಾಗಿದ್ದೆ. ಮಾಡದಕೆರೆಯ ಬೀಗರು ಸಂಬಂಧಕ್ಕೆ ಒಪ್ಪಲು ಹುಡುಗಿಯ ಅಣ್ಣ ಓದಿದವನು ಎಂಬುದೂ ಒಂದು ಕಾರಣವೆಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಏನಾದರೊಂದು ಕೆಲಸದ ನೆಪ ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಬೀಗರ ಮನೆಯಲ್ಲಿ ಯಜಮಾನಿಕೆ ಹುಡುಗನ ಅಜ್ಜಿಯದು, ಅವನ ಅಪ್ಪನ ತಾಯಿಯದು. ಆಕೆ ಶಕುನ ನೋಡುವ ಹೆಂಗಸು. ಮೊದಲೊಂದು ಕಡೆ ಹೆಣ್ಣು ನೋಡಲು ಹೋದಾಗ ನಡುಮನೆಯ ದೀಪ ಆರಿತೆಂದು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದವಳು. ಬೀಗರ ಮನೆಯ ಹಿರಿಯ ಸೊಸೆ ಕಾಲಿಟ್ಟ ವರ್ಷ ಕುರಿಗಳಿಗೆ ರೋಗ ಬಂತೆಂದು ಇಂದಿಗೂ ಆಕೆಯ ಕಾಲ್ಗುಣವನ್ನು ಆಡಿಕೊಳ್ಳುತ್ತಾರೆಂಬುದನ್ನು ನನ್ನ ತಾಯಿ ಬಹಳ ತಡವಾಗಿ ತಿಳಿದುಕೊಂಡಿದ್ದರು. ‘ಏನೂ ಅಪಶಕುನ ಆಗ್ದಂಗೆ ಧಾರೆ ಮುಗಿದ್ರೆ ಸಾಕಪ್ಪ’ ಎಂಬುದೇ ಅವರ ಜಪವಾಗಿತ್ತು.

ಹಿಂದಿನ ಸಂಜೆ ದಿಬ್ಬಣ ಬಂದಿಳಿಯಿತು. ಮೈಕ್‌ಸೆಟ್ಟಿನ ಸಾಬರು ಬೇವಿನ ಮರಕ್ಕೆ ಹಾರನ್ ಕಟ್ಟಿ, ರೇಡಿಯೋದ ಮುಂದೆ ಮೈಕ್ ಇಟ್ಟು, ಪ್ರಸಾರವನ್ನು ಇಡೀ ಕೇರಿಗೆ ಕೇಳಿಸತೊಡಗಿದರು. ಎರಡೂ ಕಡೆಯವರು ಚಪ್ಪರದಲ್ಲಿ ಕಿವಿಗೊಟ್ಟು ಕುಳಿತಿದ್ದರು. ನನಗಾಗ ಯಾವ ಆತಂಕವೂ ಇರಲಿಲ್ಲ. ಬಿತ್ತನೆಯ ಕಾಲದಿಂದ ಸುಗ್ಗಿಯ ತನಕ ಮೇಲಿನ ಮೆಟ್ಟಿಲನ್ನು ಬಿಟ್ಟುಕೊಡದ ಒಂದು ಕುಣಿತದ ಹಾಡಿತ್ತು. ನಾಳೆಯೂ ಅದೇ ಎಂದುಕೊಂಡಿದ್ದೆ. ಅದರ ಕೆಳಗೆ, ಎರಡನೆಯ ಮೆಟ್ಟಿಲಿನಲ್ಲಿ, ತಿಂಗಳುಗಟ್ಟಲೆ ಒಂದು ದುಃಖದ ಹಾಡು ಮೇಲೇರದೆ, ಕೆಳಗಿಳಿಯದೆ ಕುಳಿತುಬಿಟ್ಟಿತ್ತು. ನಡುವೆ ಒಮ್ಮೆ ಪಟ್ಟಿಯಿಂದಲೇ ಮಾಯವಾಗಿ, ಮರುವಾರ ಬಂದು ಅದೇ ಜಾಗ ಹಿಡಿದಿತ್ತು. ಅಂಥ ವಿಚಿತ್ರಗಳನ್ನು ಹೋಟೆಲುಗಳಲ್ಲಿ ಕುಸ್ತಿಯ ಸುದ್ದಿಯಂತೆ ಮಾತನಾಡುತ್ತಿದ್ದೆವು.

ಆದರೆ ಆ ಕಾರ್ಯಕ್ರಮಕ್ಕೆ ನಾನು ಮರೆತಿದ್ದ ಒಂದು ನಿಯಮವಿತ್ತು. ಗೊತ್ತುಪಡಿಸಿದಷ್ಟು ವಾರ ಪಟ್ಟಿಯಲ್ಲಿ ಬಾಳಿದ ಹಾಡಿಗೆ ಸನ್ಮಾನ ಮಾಡಿ ಪಟ್ಟಿಯಿಂದ ಬೀಳ್ಕೊಡುತ್ತಿದ್ದರು. ಅಂದು ಕುಣಿತದ ಹಾಡಿಗೆ ಆ ಗೌರವ ಸಂದಿತು. ಯಾರೂ ಸೋಲಿಸದೆ ಖಾಲಿಯಾದ ಆ ಮೆಟ್ಟಿಲಿಗೆ ದುಃಖದ ಹಾಡು ಏರಿತು. ಕೇರಿಯ ಹುಡುಗರು ಶಿಳ್ಳೆ ಹಾಕಿದರು. ನಾನು ಕುಳಿತಲ್ಲಿಂದ ಎದ್ದುಬಿಟ್ಟೆ.

ಅದರ ಅರ್ಥ ನನಗೆ ಗೊತ್ತಿತ್ತು. ಮದುವೆಗೆ ಮೊದಲೇ ತೀರಿಕೊಂಡ ವಧುವಿಗಾಗಿ ಒಬ್ಬ ಅಳುತ್ತಾನೆ. ಮದರಂಗಿಯ ಕೈ ಚಿತೆಯಲ್ಲಿ ಉರಿಯಿತು, ಪಲ್ಲಕ್ಕಿ ಬರಿದಾಗಿ ಮರಳಿತು ಎನ್ನುತ್ತಾನೆ. ತಾಳಿ ಕಟ್ಟಿದ ಮೇಲೆ ಮದುವೆ ಮುರಿಯುವುದಿಲ್ಲ, ನಿಜ. ಆದರೆ ಈ ಅರ್ಥ ಆ ಅಜ್ಜಿಯ ಕಿವಿಗೆ ಬಿದ್ದರೆ, ಮುಂದೆ ಆ ಮನೆಯಲ್ಲಿ ಒಂದು ಕುರಿಮರಿ ಸತ್ತರೂ ಅದು ನನ್ನ ತಂಗಿಯ ತಲೆಗೇ ಬರುತ್ತಿತ್ತು. ಅರ್ಥವನ್ನು ಆಕೆಗೆ ಹೇಳಬಲ್ಲವರೂ ಅಲ್ಲಿದ್ದರು: ಹುಡುಗನ ಸೋದರಮಾವ. ಸೈನ್ಯದಿಂದ ರಜೆಯ ಮೇಲೆ ಬಂದಿದ್ದ ಅವರು, ಬಂದಿಳಿದ ಕೂಡಲೇ ನನ್ನೊಡನೆ ಹಿಂದಿಯಲ್ಲಿ ಮಾತನಾಡಿ, ನನ್ನ ಪಠ್ಯಪುಸ್ತಕದ ಉತ್ತರಕ್ಕೆ ಮೀಸೆಯಲ್ಲೇ ನಕ್ಕಿದ್ದರು.

ನಾನು ಸಾಬರ ಬಳಿಗೆ ಹೋಗಿ, ಯಾರಿಗೂ ಕೇಳದಂತೆ, ನಾಳೆ ಆ ಹಾಡು ಬೇಡವೆಂದೆ.

‘ನಂಗೂ ತಿಳೀತದ್ರಿ ಆ ಮಾತು. ಮನೇಲಿ ನಾವು ಆಡೋದು ಅದೇ ಥರದ ಮಾತಲ್ವಾ?’ ಎಂದರು. ‘ಆದ್ರೆ ಏನ್ ಮಾಡಾಣ ಹೇಳ್ರಿ. ನಂಬರ್ ಒನ್ನೇ ಬೇಕು ಅಂತ ಬೀಗ್ರು ವೀಳ್ಯ ಕೊಡೋವಾಗ್ಲೇ ಮಾತು ತಗಂಡವ್ರೆ. ನಾನು ಬ್ಯಾರೆ ಹಾಕಿದ್ರೆ ಹಿರಿಯೂರಂಗೆ ಇಲ್ಲೂ ಊಟಕ್ಕೆ ಏಳಂಗಿಲ್ಲ. ನಿಮ್ಮಪ್ಪನೋರು ಬ್ಯಾಡ ಅನ್ಲಿ, ಪ್ಲೇಟು ಪೆಟ್ಟಿಗೆಯಿಂದ ತೆಗೆಯೋದೇ ಇಲ್ಲ.’

ಅಪ್ಪ ಬೀಗರ ನಡುವೆ ಎಲೆಅಡಿಕೆ ಹಾಕುತ್ತಾ ಕುಳಿತಿದ್ದರು. ಚಪ್ಪರದ ಕೆಳಗೆ ಸಾವು, ಚಿತೆ ಎಂಬ ಮಾತುಗಳನ್ನು ಎತ್ತುವಂತಿರಲಿಲ್ಲ. ಬಗ್ಗಿ, ‘ಅಪ್ಪಾ, ಆ ಹಾಡು ಅಷ್ಟು ಚೆನ್ನಾಗಿಲ್ಲ, ಬೇರೆ ಹಾಕಿಸೋಣ’ ಎಂದೆ.

‘ಏನಪ್ಪ ನೀನು! ಇಡೀ ದೇಶ ನಂಬರ್ ಒನ್ ಅಂತೈತೆ, ನೀನು ಚೆನ್ನಾಗಿಲ್ಲ ಅಂತೀಯ?’ ಎಂದು ಅಪ್ಪ ಜೋರಾಗಿಯೇ ನಕ್ಕರು.

‘ಬಿ.ಎ. ಓದಿದೋರಿಗೆ ನಂಬರ್ ಒನ್ನೂ ಸಾಲಲ್ಲ ಬಿಡ್ರಿ’ ಎಂದು ಬೀಗರಲ್ಲೊಬ್ಬರು ಸೇರಿಸಿದರು. ಸೋದರಮಾವ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು.

ಬೆಳಿಗ್ಗೆ ತಾಳಿ ಕಟ್ಟಿದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ಬೇವಿನ ಮರದ ಹಾರನ್ ಮೇಲಿತ್ತು. ಗಟ್ಟಿಮೇಳ ನಿಂತಿತು. ಮುಳ್ಳು ಪ್ಲೇಟಿನ ಮೇಲೆ ಕರಕರ ಎಂದಿತು. ಬಳಿಕ ಆ ಗಾಯಕನ ಧ್ವನಿ, ಅಳುವನ್ನು ಗಂಟಲಲ್ಲೇ ತಡೆದು ಹಿಡಿದ ಧ್ವನಿ, ಕೇರಿಯ ಮೇಲೆಲ್ಲ ಹರಡಿಕೊಂಡಿತು.

ಮೊದಲು ಯಾರೂ ಗಮನಿಸಲಿಲ್ಲ. ಹಾಡು ಎರಡನೆಯ ಚರಣಕ್ಕೆ ಬಂದಾಗ, ಅಕ್ಷತೆ ಹಾಕಲು ಕೈ ಎತ್ತಿದ್ದ ಅಜ್ಜಿ ಕೈಯನ್ನು ಹಾಗೆಯೇ ತಡೆದಳು.

‘ಇದೇನ್ರೇ ಇದು, ಅಳಾಕ್ ಹತ್ಯಾನಲ್ಲ ಇವ್ನು? ಸತ್ತ ಮನೆಯಂಗೆ!’

ಹೆಂಗಸರ ಗದ್ದಲ ನಿಂತಿತು. ಅಮ್ಮ ನನ್ನತ್ತ ನೋಡಿದರು. ಅಜ್ಜಿ ತಿರುಗಿ, ‘ಲೇ, ನೀನು ಮಿಲ್ಟ್ರಿನಾಗಿರೋನು, ಏನಂತಾನೋ ಅವ್ನು? ಬಿಡಿಸಿ ಹೇಳು’ ಎಂದು ಸೋದರಮಾವನನ್ನು ಕೇಳಿದಳು. ತಂಗಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಬಾಸಿಂಗದ ಕುಚ್ಚು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಸೋದರಮಾವ ಎದ್ದು ನಿಂತರು. ಹಾಡನ್ನು ಒಂದಿಷ್ಟು ಕೇಳಿಸಿಕೊಂಡರು. ಆಮೇಲೆ, ‘ನಂದು ಲೆಫ್ಟು ರೈಟು ಹಿಂದಿ ಅಜ್ಜೀ. ಹಾಡಿನ ಹಿಂದಿ ಪರೀಕ್ಷೆ ಪಾಸಾದೋರು ಅಲ್ಲಿ ನಿಂತವ್ರೆ ನೋಡು. ಏನ್ರಿ ಬಿ.ಎ., ಹೇಳ್ರಿ ನಮ್ಮಜ್ಜಿಗೆ’ ಎಂದರು.

ಇಡೀ ಚಪ್ಪರ ನನ್ನ ಕಡೆಗೆ ತಿರುಗಿತು. ಪರೀಕ್ಷೆಗಳಲ್ಲಿ ಒಂದು ಪದವೂ ಬಿಡದಂತೆ ಅನುವಾದಿಸುವುದನ್ನು ಕಲಿತಿದ್ದವನು ನಾನು. ಹಾರನ್ನಿನಿಂದ ಪಲ್ಲಕ್ಕಿ ಎಂಬ ಮಾತು ಬಂತು, ಮದರಂಗಿ ಎಂಬ ಮಾತು ಬಂತು.

‘ಅಜ್ಜೀ, ಇದು ಹೆಣ್ಣು ಒಪ್ಪಿಸಿಕೊಡುವ ಹಾಡು’ ಎಂದೆ. ‘ಮದರಂಗಿ ಕೈಯ ಮಗಳು ಪಲ್ಲಕ್ಕಿ ಏರಿ ಗಂಡನ ಮನೆಗೆ ಹೊರಟಿದ್ದಾಳೆ. ತವರಿನವನು ಅಳು ತಡೆಯಲಾರದೆ ಹಾಡುತ್ತಿದ್ದಾನೆ. ಪಲ್ಲಕ್ಕಿ ಅವಳನ್ನು ಇಳಿಸಿ ಬರಿದಾಗಿ ಬಂತು, ನನ್ನ ಮನೆ ಬೆಳಕೆಲ್ಲ ನಿಮ್ಮ ಮನೆಗೆ ಹೋಯಿತು, ಅನ್ನುತ್ತಾನೆ.’

ಚಿತೆಯನ್ನು ಬಿಟ್ಟು ಹಾಡಿನಲ್ಲಿದ್ದುದೆಲ್ಲ ನನ್ನ ಮಾತಿನಲ್ಲೂ ಇತ್ತು. ಅಜ್ಜಿ ತನ್ನ ತವರು ಬಿಟ್ಟು ಎಷ್ಟು ಕಾಲವಾಗಿತ್ತೋ. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ತಡೆದಿದ್ದ ಅಕ್ಷತೆಯನ್ನು ನನ್ನ ತಂಗಿಯ ನೆತ್ತಿಗೆ ಹಾಕಿ, ‘ಅದ್ಕೇ ಹೊಟ್ಟೆ ಕಿವುಚ್ದಂಗೆ ಹಾಡ್ತಾನೆ, ಪಾಪ’ ಎಂದಳು. ಹೆಂಗಸರಲ್ಲಿ ಒಬ್ಬರಾದ ಮೇಲೊಬ್ಬರು ಕಣ್ಣೊರೆಸಿಕೊಂಡರು. ಅಮ್ಮನೂ ಅತ್ತರು, ಅದು ಬೇರೆಯ ಅಳು. ಸಾಬರು ಪ್ಲೇಟನ್ನು ಕೊನೆಯ ತನಕ ಓಡಲು ಬಿಟ್ಟರು.

ಊಟದ ಹೊತ್ತಿಗೆ ಬಡಿಸುತ್ತಾ ಸೋದರಮಾವನ ಎಲೆಯ ಬಳಿ ಬಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

‘ರೈಲಿನಾಗೆ ಬರ್ತಾ ದಾರಿಯುದ್ದಕ್ಕೂ ಅದೇ ಹಾಡು ಕೇಳೀನಿ. ನಂಗೂ ಗೊತ್ತೈತೆ ಅದ್ರಾಗೇನೈತೆ ಅಂತ’ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ‘ನಂಗೆ ಸುಳ್ಳು ಹೇಳಾಕೆ ಬರಲ್ಲ, ಅಜ್ಜಿ ಮುಖ ನೋಡ್ತಲೇ ಹಿಡೀತಾಳೆ. ನೀವು ಓದಿದೋರು, ನಿಮ್ಮನ್ನ ನಂಬ್ತಾಳೆ ಅಂತ ದೂಡ್ದೆ. ನೀವೇನಾದ್ರೂ ನಿಜಾನೇ ಹೇಳಿಬಿಟ್ರೆ ಅಂತ ನನ್ನ ಎದೆನೂ ಹೊಡ್ಕಂತಿತ್ತು. ಇನ್ನೊಂದು ಹೋಳಿಗೆ ಹಾಕ್ರಿ.’

ಹಾಕಿದೆ.

ಆ ಹಾಡು ಕೆಲವು ವಾರಗಳಲ್ಲಿ ಪಟ್ಟಿಯಿಂದ ಇಳಿದುಹೋಯಿತು. ದೇಶವೆಲ್ಲ ಅದನ್ನು ಮರೆಯಿತು. ನಮ್ಮ ಕಡೆ ಮಾತ್ರ ಇಳಿಯಲಿಲ್ಲ. ಮಾಡದಕೆರೆಯ ಅಜ್ಜಿ ತನ್ನ ಮೊಮ್ಮಗಳೊಬ್ಬಳ ಮದುವೆಗೆ ಅದನ್ನೇ ಕೇಳಿ ಹಾಕಿಸಿದಳು. ಅಲ್ಲಿಂದ ಹೊಸದುರ್ಗದ ಸುತ್ತ ಹಬ್ಬಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಸಾಬರು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಆ ಪ್ಲೇಟು ತೆಗೆಯುವರು.

ದಶಕ ಮುಗಿಯುವ ಹೊತ್ತಿಗೆ ಭರಮಸಾಗರದ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ನನ್ನನ್ನು ಬಲ್ಲವರು ಕಡಿಮೆ. ಹಾಡು ಶುರುವಾದಾಗ ನಾನು ಬೆಚ್ಚಿದ್ದನ್ನು ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕಂಡಳು.

‘ಯಾಕಪ್ಪ ಹಂಗೆ ನೋಡ್ತೀಯ? ಮಗಳು ಪಲ್ಲಕ್ಕಿ ಏರಿ ಹೊಂಟವ್ಳೆ, ಮನೆ ಬೆಳಕು ಹೋತು ಅಂತ ತವರಿನೋನು ಅಳ್ತಾನೆ’ ಎಂದು ಬಿಡಿಸಿ ಹೇಳಿದಳು. ‘ನಿಂಗೆ ಹಿಂದಿ ಬರಲ್ಲೇನು?’

‘ಅಷ್ಟಾಗಿ ಬರುವುದಿಲ್ಲ, ಅಜ್ಜೀ’ ಎಂದೆ.