ಐದು ಶ್ರುತಿಯ ಭುಜಂಗರಾಯರು

ಮೇ ತಿಂಗಳ ತೆನಾಲಿಯಲ್ಲಿ ಕಾಗೆ ಕೂಡ ಬಾಯಿ ತೆರೆದುಕೊಂಡೇ ಹಾರುತ್ತದೆ. ಅಂಥ ಬಿಸಿಲಲ್ಲಿ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬೀದಿಯಲ್ಲಿ ನಡೆಯುವ ಗಂಡಸು ಭೂಮಂಡಲದಲ್ಲಿ ಒಬ್ಬರೇ ಇದ್ದರು, ಅವರು ನಮ್ಮ ಭುಜಂಗರಾಯರು. ಅವರನ್ನು ಕಂಡ ಪಂಜಾಬಿನ ಲಾರಿ ಡ್ರೈವರೊಬ್ಬ, ದಾರಿ ತಪ್ಪಿ ಮತ್ತೆ ಹಿಮಾಲಯಕ್ಕೇ ಬಂದೆನೇನೋ ಎಂದು ಗಾಬರಿಯಾಗಿ ಗಾಡಿ ತಿರುಗಿಸಿದನಂತೆ. ಬೀಗರ ಮನೆಯಲ್ಲಿ ಕೊಟ್ಟ ಐಸ್ ಮಜ್ಜಿಗೆಯನ್ನು ರಾಯರು ಯಾರೂ ನೋಡದಾಗ ತುಳಸಿ ಗಿಡಕ್ಕೆ ಸುರಿದರು. ಗಿಡಕ್ಕೆ ಮೂರು ದಿನ ನೆಗಡಿ. ಸೂರ್ಯ ಮುಳುಗಿದ ಮೇಲೆ ಅವರು ಮೊಸರು ಮುಟ್ಟಿದ್ದನ್ನು ಕಂಡವರಿಲ್ಲ. ಹೆಂಡತಿಯ ಮೇಲೆ ಸಿಟ್ಟು ಬಂದರೆ ಚೀಟಿಯಲ್ಲಿ ಬರೆದು ಬೈಯುತ್ತಿದ್ದರು, ಗಂಟಲು ಸವೆಯಬಾರದೆಂದು. ಆಕೆ ಅದರ ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆದು ಅವರನ್ನೇ ಅಂಗಡಿಗೆ ಕಳಿಸುತ್ತಿದ್ದರು.

ಇಷ್ಟೆಲ್ಲ ಕಾವಲು ಯಾವ ನಿಧಿಗೆ ಎಂದರೆ, ಐದು ಶ್ರುತಿಗೆ.

ಹಗಲಲ್ಲಿ ರಾಯರು ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಟೈಲರು. ವೇಷ ಕಟ್ಟಿದರೆ ಕೃಷ್ಣ. ನಮ್ಮ ಪದ್ಯನಾಟಕದ ತಂಡದಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಿಂದ ಐವತ್ತನಾಲ್ಕರವರೆಗೆ, ಕೌರವರ ಸಭೆಗೆ ರಾಯಭಾರಕ್ಕೆ ಬರುವ ಕೃಷ್ಣ ಅವರೇ. ನಾನು ಹಗಲಲ್ಲಿ ಲೆಕ್ಕದ ಮೇಷ್ಟ್ರು, ವೇಷದಲ್ಲಿ ದುರ್ಯೋಧನ. ಇಪ್ಪತ್ತಾರು ವರ್ಷಗಳಿಂದ ಅವರ ಸಂಧಿಯ ಮಾತನ್ನು ತಿರಸ್ಕರಿಸಿ ಬಂದವನು.

ನಮ್ಮ ಕಡೆ ನಾಟಕ ನೋಡಲು ಬರುವವರು ಕಥೆಗಾಗಿ ಬರುವುದಿಲ್ಲ. ಯುದ್ಧವಾಗುತ್ತದೆಂದು ಎಲ್ಲರಿಗೂ ಗೊತ್ತು. ಪದ್ಯದ ಕೊನೆಯ ಸಾಲಿನಲ್ಲಿ ರಾಗ ಎಷ್ಟು ಎತ್ತರ ಹತ್ತುತ್ತದೆ, ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಾಯುತ್ತಾರೆ. ನಿಂತರೆ ‘ಒನ್ಸ್ ಮೋರ್’, ಕೃಷ್ಣ ಅದೇ ಪದ್ಯವನ್ನು ಇನ್ನೊಮ್ಮೆ ಹಾಡಬೇಕು. ಜಾರಿದರೆ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ. ಹಾರ್ಮೋನಿಯಂನ ಐದನೇ ಮನೆ ಹಿಡಿದು ಹಾಡುವವನು ಗಂಡುಗಲಿ. ನಾಲ್ಕಕ್ಕೆ ಇಳಿದವನಿಗೆ ಭೀಷ್ಮ, ದ್ರೋಣ. ಮೂರಕ್ಕೆ ಇಳಿದವನಿಗೆ ಧೃತರಾಷ್ಟ್ರ, ಕೂತೇ ಹಾಡಬಹುದು. ಇದು ರಾಯರೇ ಹೊರಡಿಸಿದ ಶಾಸನ. “ಐದು ಹಿಡಿಯೋಕಾಗದವನು ಮರ್ಯಾದೆಯಾಗಿ ಕಿರೀಟ ಬಿಚ್ಚಿಡಬೇಕು” ಎಂದು ಎಲ್ಲರೆದುರು ಹೇಳುತ್ತಿದ್ದರು.

ಎಂಟು ವರ್ಷದ ಹಿಂದೆ ನಮ್ಮ ಅರ್ಜುನ ಕೋಟಯ್ಯ, “ಅಣ್ಣ, ಎದೆ ಬಿಗಿಯುತ್ತೆ, ನನಗೆ ನಾಲ್ಕೂವರೆ ಇಡಿಸ್ತೀರಾ?” ಎಂದು ಮೆಲ್ಲಗೆ ಕೇಳಿದ್ದ. ರಾಯರು, “ಹಾಗಿದ್ರೆ ಗಾಂಡೀವ ಯಾಕೋ ಕೋಟಯ್ಯ, ಊರುಗೋಲು ಹಿಡ್ಕೊಂಡು ಬಾ” ಎಂದರು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಕೋಟಯ್ಯ ಮರುದಿನದಿಂದ ಬರಲಿಲ್ಲ.

ಈ ಯುಗಾದಿಗೆ ರಾಯರ ಕೃಷ್ಣಾವತಾರಕ್ಕೆ ಮೂವತ್ತು ವರ್ಷ ತುಂಬಿತು. ಬೆಳಗ್ಗೆ ಹತ್ತಕ್ಕೆ ಕಲ್ಯಾಣಮಂಟಪದಲ್ಲಿ ಸನ್ಮಾನ, ಆಮೇಲೆ ರಾಯಭಾರದ ಪದ್ಯಗಳು ಎಂದು ಊರ ಹಿರಿಯರು ನಿಶ್ಚಯಿಸಿದರು. ತೊಂದರೆ ಒಂದೇ. ಅಷ್ಟೂ ವರ್ಷ ಅವರಿಗೆ ಹಾರ್ಮೋನಿಯಂ ನುಡಿಸಿದ, ಸೈಕಲ್ ಅಂಗಡಿಯ ಮಸ್ತಾನ್ ವಲಿಗೆ ಆ ವಾರವೇ ಕಣ್ಣಿನ ಪೊರೆ ತೆಗೆದಿದ್ದರು. ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಚೀರಾಲದಿಂದ ಮಾಣಿಕ್ಯಂ ಎಂಬ ನಲವತ್ತರ ಹೆಣ್ಣುಮಗಳನ್ನು ಕರೆಸಿದೆವು. ಅವಳ ತಂದೆಯೂ ನಾಟಕಗಳಿಗೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದವರು. ಅವಳ ಕೈ ಶುದ್ಧ.

ಯುಗಾದಿಗೆ ಎರಡು ದಿನ ಮೊದಲು ಟೈಲರ್ ಅಂಗಡಿಯ ಮಹಡಿಯಲ್ಲಿ ಅಭ್ಯಾಸಕ್ಕೆ ಕೂತೆವು.

“ಶ್ರುತಿ ಎಷ್ಟು ಬಾಬಾಯ್?” ಎಂದು ಚಿಕ್ಕಪ್ಪನನ್ನು ಕೇಳುವಂತೆ ಕೇಳಿದಳು ಮಾಣಿಕ್ಯಂ.

“ಅದನ್ನ ಕೇಳೋರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೇನಮ್ಮ? ಐದು.”

ನಾನು ಕೆಮ್ಮಿದೆ. “ಇವತ್ತು ಬರೀ ಅಭ್ಯಾಸ ಅಲ್ವಾ, ತಗ್ಗಿಸಿ ಹಾಡಿದ್ರೆ…”

“ಮೇಷ್ಟ್ರೇ, ನೀವು ದುರ್ಯೋಧನ. ನಿಮ್ಮ ಸಲಹೆ ಕೇಳಿದೋರು ಯಾರೂ ಉದ್ಧಾರ ಆಗಿಲ್ಲ.”

ಅವಳು ಐದು ಹಿಡಿದಳು. ರಾಯರು ಎತ್ತಿಕೊಂಡರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಕತ್ತಿನ ನರಗಳು ಎದ್ದು ನಿಂತವು. ಮೂರನೆಯದಕ್ಕೆ ಕಣ್ಣುಗುಡ್ಡೆಗಳು. ನಾಲ್ಕನೇ ಸಾಲಿನ ತುದಿಗೆ ಹತ್ತುವಾಗ, ಸಾಕ್ಷಾತ್ ಪರಮಾತ್ಮನ ಕೊರಳಿನಿಂದ, ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನ ದನಿ ಹೊರಬಿತ್ತು.

ಕೆಳಗೆ ಹೊಲಿಗೆ ಯಂತ್ರ ನಿಂತಿತು.

“ನಿನ್ನ ಪೆಟ್ಟಿಗೆ ಸರಿಯಿಲ್ಲಮ್ಮ,” ಎಂದರು ರಾಯರು.

“ಮೊನ್ನೆ ತಾನೇ ಶ್ರುತಿ ಮಾಡಿಸಿದ್ದು ಬಾಬಾಯ್.” ಅವಳು ಚೀಲದಿಂದ ಶ್ರುತಿ ನೋಡುವ ಸಣ್ಣ ಪೀಪಿ ತೆಗೆದು ಊದಿದಳು. ಪೀಪಿಯೂ ಪೆಟ್ಟಿಗೆಯೂ ಒಂದೇ ದನಿಯಲ್ಲಿ ನುಡಿದವು. ಆಮೇಲೆ ಅವಳು ಕಪಟವಿಲ್ಲದೆ ಕೇಳಿದಳು: “ಇಷ್ಟು ದಿನ ಯಾರ ಪೆಟ್ಟಿಗೆಗೆ ಹಾಡ್ತಿದ್ರಿ?”

ರಾಯರು ಅವಳ ಪೀಪಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ನಾನು ಹಿಂದೆ ಓಡಿದೆ.

ಮಸ್ತಾನ್ ವಲಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಒರಗಿದ್ದ. ಹುಡುಗರಾಗಿದ್ದಾಗಿನಿಂದ ಇವರಿಬ್ಬರು ಒಬ್ಬರಿಗೊಬ್ಬರು ಬಾವ.

“ಬಾವ, ಪೆಟ್ಟಿಗೆ ಎಲ್ಲಿ?”

“ಯಾಕೆ ಬಾವ? ಡಾಕ್ಟ್ರು ಮುಟ್ಟಬೇಡ ಅಂದಿದ್ದಾರೆ.”

“ನೀನು ಮುಟ್ಟಬೇಡ. ನಾನು ಮುಟ್ತೀನಿ.”

ಅದು ಸಾಧಾರಣ ಪೆಟ್ಟಿಗೆಯಲ್ಲ. ಹನ್ನೆರಡು ವರ್ಷದ ಹಿಂದೆ ಮಸ್ತಾನ್ ಕಲ್ಕತ್ತೆಯಿಂದ ತರಿಸಿದ್ದು. ಪಕ್ಕದಲ್ಲೊಂದು ಹಿತ್ತಾಳೆಯ ಗುಂಡಿ. ಅದನ್ನು ಸರಿಸಿದರೆ ಮನೆಗಳ ಇಡೀ ಸಾಲೇ ಆಚೆಗೋ ಈಚೆಗೋ ಜರುಗುತ್ತದೆ. ಬೆರಳು ಐದನೇ ಮನೆಯ ಮೇಲೇ ಇರುತ್ತದೆ, ದನಿ ಮಾತ್ರ ಬೇರೆಯದು. ರಾಯರು ಐದು ಒತ್ತಿ ಪೀಪಿ ಊದಿದರು. ಎರಡು ದನಿಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ದೂರ ದೂರ ನಿಂತವು. ಗುಂಡಿಯನ್ನು ಹಿಂದಕ್ಕೆ ತಳ್ಳಿದರು. ಟಕ್. ಟಕ್. ಟಕ್. ಮೂರನೆಯದಕ್ಕೆ ದನಿಗಳು ಒಂದಾದವು. ಅಂದರೆ ಪೆಟ್ಟಿಗೆ ಇಳಿದಿದ್ದು ಮೂರು ಮೆಟ್ಟಿಲು: ಐದರಿಂದ ನಾಲ್ಕೂವರೆ, ಅಲ್ಲಿಂದ ನಾಲ್ಕು, ಅಲ್ಲಿಂದ, ನಡುವೆ ಕರಿ ಮನೆ ಇಲ್ಲದ್ದರಿಂದ, ನೇರ ಮೂರು. ಭಗವಂತನು ಸದ್ದಿಲ್ಲದೆ ಧೃತರಾಷ್ಟ್ರನ ಶ್ರುತಿಗೆ ಇಳಿದಿದ್ದ.

“ಯಾವಾಗಿಂದ?”

“ಪೊನ್ನೂರಿನ ನಾಟಕ ನೆನಪಿದೆಯಾ ಬಾವ, ಈ ಪೆಟ್ಟಿಗೆ ಬಂದ ವರ್ಷದ್ದು? ತುದಿಯಲ್ಲಿ ನಿನ್ನ ದನಿ ಜಾರಿತು. ನಾನು ಪೆಟ್ಟಿಗೆ ಜೋರು ಮಾಡಿ ಮುಚ್ಚಿದೆ. ಜನ ಒನ್ಸ್ ಮೋರ್ ಅಂದ್ರು. ಇನ್ನೊಂದ್ಸಲ ಹೇಗಪ್ಪ ಅಂತ ಭಯವಾಗಿ ಒಂದು ಟಕ್ ಸರಿಸಿದೆ. ನೀನು ಒಳಗೆ ಬಂದು, ‘ಇವತ್ತು ಗಂಟಲು ನೋಡಿದ್ಯಾ ಬಾವ, ಗಂಟೆ ಥರ’ ಅಂದೆ. ಆಮೇಲೆ ಹೇಗೆ ಹೇಳಲಿ?”

“ಉಳಿದ ಎರಡು?”

“ಒಂಬತ್ತು ವರ್ಷದ ಹಿಂದೆ ಒಂದು, ಐದು ವರ್ಷದ ಹಿಂದೆ ಒಂದು. ನಿನ್ನ ಪದ್ಯಗಳಿಗೆ ಮಾತ್ರ, ಉಳಿದವರಿಗೆ ಮತ್ತೆ ಐದಕ್ಕೇ ತರ್ತಿದ್ದೆ. ನಾನಾಗಿ ಸರಿಸಲಿಲ್ಲ. ನಿನ್ನ ಗಂಟಲು ಸರೀತು, ಅದರ ಹಿಂದೆ ನಾನು ಸರಿದೆ.”

ತನ್ನ ದನಿಯ ಎತ್ತರ ತನಗೇ ತಿಳಿಯದೇ ಎಂದು ಕೇಳಬೇಡಿ. ಕೂದಲು ಎಷ್ಟು ಹೋಗಿದೆ ಎಂದು ತಿಳಿಯಲು ನಮಗೆ ಹಳೆಯ ಫೋಟೊ ಬೇಕಾಗುತ್ತದೆ. ರಾಯರ ಹಳೆಯ ದನಿಯ ಫೋಟೊ ಯಾರೂ ತೆಗೆದಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತಾ ಮೇಷ್ಟ್ರೇ?”

ನಾನು ಮಸ್ತಾನನ ಮನೆಯ ಜಂತೆಗಳನ್ನು ಎಣಿಸಿದೆ. ಹನ್ನೊಂದಿದ್ದವು. ತಂಡದಲ್ಲಿ ಕಿವಿ ಇದ್ದವರಿಗೆಲ್ಲ ಗೊತ್ತಿತ್ತು. ದುಶ್ಶಾಸನನಿಗೆ ಕೂಡ ಗೊತ್ತಿತ್ತು, ಅವನಿಗೆ ಒಂದು ಕಿವಿ ಮಂದ.

ಮಸ್ತಾನನಿಗೂ ರೇಗಿತು. “ನೀನೇನು ಸತ್ಯಸಂಧನಾ ಬಾವ? ನನ್ನ ಸೊಂಟ ಮೂವತ್ತೆಂಟು. ನಿನ್ನ ಪುಸ್ತಕದಲ್ಲಿ ಇನ್ನೂ ಮೂವತ್ನಾಲ್ಕು ಅಂತಲೇ ಬರೀತೀಯ, ಕತ್ತರಿಸೋವಾಗ ಮೂವತ್ತೆಂಟಕ್ಕೆ ಕತ್ತರಿಸ್ತೀಯ. ಈ ಊರ ಗಂಡಸರೆಲ್ಲ ಇನ್ನೂ ಮದುಮಕ್ಕಳು ಅಂದ್ಕೊಂಡು ತಿರುಗ್ತಿರೋದು ಯಾರಿಂದ?”

“ಅವರ್ಯಾರೂ ಆ ಪ್ಯಾಂಟ್ ಹಾಕ್ಕೊಂಡು ಇನ್ನೊಬ್ಬನ ಸೊಂಟ ಆಡಿಕೊಳ್ಳಲಿಲ್ಲ ಬಾವ. ನಾನು ಕೋಟಯ್ಯನ್ನ ಆಡಿಕೊಂಡೆ.” ರಾಯರ ದನಿ ತೀರಾ ಸಣ್ಣಗಾಗಿತ್ತು. “ಅವನು ಕೇಳಿದ್ದು ನಾಲ್ಕೂವರೆ. ಅವತ್ತು ನಾನು ಎಷ್ಟರಲ್ಲಿದ್ದೆ?”

ಲೆಕ್ಕದ ಮೇಷ್ಟ್ರು ನಾನು, ಉತ್ತರ ನನ್ನ ಬಾಯಿಂದಲೇ ಬಂತು. “ನಾಲ್ಕು.”

“ನಾನು ಊರುಗೋಲು ಅಂದಾಗ ನೀವೆಲ್ಲ ನಕ್ಕಿರಲ್ಲ,” ಎಂದರು ರಾಯರು. “ಯಾರನ್ನ ನೋಡಿ ನಕ್ಕಿರಿ?”

ಇಪ್ಪತ್ತಾರು ವರ್ಷ, ತುಂಬಿದ ಸಭೆಯಲ್ಲಿ, ಅವರಿಗೆ ಎದುರುತ್ತರ ಕೊಟ್ಟ ನಾನು ಜಂತೆಗಳನ್ನು ಇನ್ನೊಮ್ಮೆ ಎಣಿಸಿದೆ.

ಮಧ್ಯವಯಸ್ಸು ದಾಟುತ್ತಿರುವುದನ್ನು ಯಾರೂ ನಮಗೆ ನೇರವಾಗಿ ಹೇಳುವುದಿಲ್ಲ. ಮುಪ್ಪು ಹಿತ್ತಿಲಿನಿಂದ ಬಂದು, ಮನೆಯವರನ್ನು ಮೊದಲು ಒಲಿಸಿಕೊಂಡು, ಸ್ನೇಹಿತರ ಕೈಯಲ್ಲಿ ಆಣೆ ಹಾಕಿಸಿಕೊಂಡು, ಕಟ್ಟಕಡೆಗೆ ಯಜಮಾನನಿಗೆ ಕಾಣಿಸಿಕೊಳ್ಳುತ್ತದೆ. ಅಂದೇ ರಾಯರು ಮನೆಯಲ್ಲಿ ಪತ್ತೇದಾರಿಕೆ ಶುರು ಮಾಡಿದರು. ಮೊದಲು ಅಡುಗೆಮನೆ.

“ಆದಿಲಕ್ಷ್ಮಿ, ಗೋಂಗೂರ ಚಟ್ನಿಗೆ ಯಾವ ಮೆಣಸಿನಕಾಯಿ?”

“ಮೆಣಸಿನಕಾಯಿ,” ಎಂದರು ಹೆಂಡತಿ.

“ಯಾವ ಊರಿಂದು?”

ಆಕೆ ಸೌಟು ಕೆಳಗಿಟ್ಟರು. “ಬ್ಯಾಡಗಿ. ನಾಲ್ಕು ವರ್ಷ ಆಯ್ತು. ಗುಂಟೂರಿನದ್ದು ತಿಂದ್ರೆ ನೀವು ಬೆಳಗಿನ ಜಾವ ಹೊಟ್ಟೆ ಹಿಡ್ಕೊಂಡು ಓಡಾಡ್ತಿದ್ರಿ. ಇದರಲ್ಲಿ ಬಣ್ಣ ಇದೆ, ಖಾರ ಇಲ್ಲ.”

ಗುಂಟೂರು ಜಿಲ್ಲೆಯಲ್ಲಿ ಹುಟ್ಟಿದ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನ ಪುರಾಣಗಳಲ್ಲೂ ಇಲ್ಲ. ನಾಲ್ಕು ವರ್ಷದಿಂದ ಅವರು ಬೆವರು ಒರೆಸಿಕೊಂಡು, ಕಣ್ಣೀರು ಕೂಡ ಹಾಕಿಕೊಂಡು ತಿಂದದ್ದು ಬರೀ ಬಣ್ಣ. ಆಮೇಲೆ ಒಂದೊಂದಾಗಿ ಹೊರಬಿದ್ದವು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ, ಏಳುವಾಗ ಮಂಡಿ ನೋಯದಿರಲೆಂದು. ಸ್ನಾನದ ಮನೆಯ ಹಿತ್ತಾಳೆ ಬಿಂದಿಗೆಯ ಜಾಗದಲ್ಲಿ ಅದೇ ಬಣ್ಣದ ಪ್ಲಾಸ್ಟಿಕ್ಕಿನದು. ಸಂಜೆ ಕಾಲುವೆ ಏರಿಯ ಮೇಲೆ ತಿರುಗಾಡುವಾಗ ನಾನು ಮೋರಿಯ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳಲು ನಿಲ್ಲುತ್ತಿದ್ದೆನಲ್ಲ, ಅದೂ.

“ನಿಮ್ಮ ಚಪ್ಪಲಿಗೆ ಪಟ್ಟಿಯೇ ಇಲ್ಲ ಮೇಷ್ಟ್ರೇ,” ಎಂದರು ನನ್ನ ಕಾಲು ನೋಡಿ. “ನನಗೆ ಏದುಸಿರು ಬಂದಾಗೆಲ್ಲ ನಿಲ್ತಿದ್ರಿ, ಅಲ್ವಾ?”

“ನನಗೂ ಬರುತ್ತೆ ರಾಯರೇ.”

“ಅದನ್ನಾದ್ರೂ ಹೇಳಬಹುದಿತ್ತು. ಇಬ್ಬರೂ ಕೂರ್ತಿದ್ವಿ.”

ಮನೆಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿದೆ: “ನನ್ನಿಂದ ಏನಾದ್ರೂ ಮುಚ್ಚಿಟ್ಟಿದ್ದೀಯಾ?” ಅವಳು, “ಯಾವುದನ್ನ ಕೇಳ್ತಿದ್ದೀರಿ?” ಎಂದಳು.

ರಾಯರು ಸನ್ಮಾನಕ್ಕೆ ಬರುತ್ತಾರೋ ಇಲ್ಲವೋ ಎಂದು ಹಿರಿಯರಿಗೆ ಆತಂಕ. ಅವರ ಶಾಸನದ ಪ್ರಕಾರ ಅವರೇ ಕಿರೀಟ ಬಿಚ್ಚಿಡಬೇಕು. ಊರಿಗೆ ಅದು ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ ಎಂದು ಮಸ್ತಾನ್ ಉಪಾಯ ಮಾಡಿದ. ಗುಂಡಿಯನ್ನು ಮತ್ತೆ ಮೂರು ಟಕ್ ಇಳಿಸಿ ತನ್ನ ಪೆಟ್ಟಿಗೆಯನ್ನು ಮಾಣಿಕ್ಯಂಗೆ ಕಳಿಸಿದ. “ಇದರಲ್ಲೇ ನುಡಿಸಮ್ಮ. ಬೆರಳು ಐದರ ಮೇಲಿರಲಿ. ಬಾವನ ಮರ್ಯಾದೆ ಉಳಿಯುತ್ತೆ,” ಎಂದು ಹೇಳಿಕಳಿಸಿದ. ಅವಳು ಅದನ್ನು ರಾಯರಿಗೆ ಹೇಳಿಯೇಬಿಟ್ಟಳು. ಚೀರಾಲದವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಯುಗಾದಿಯ ಬೆಳಗ್ಗೆ ರಾಯರು ಬಂದರು, ಪೂರ್ತಿ ವೇಷದಲ್ಲಿ. ಮುಖಕ್ಕೆ ನೀಲಿ, ಕೊರಳಲ್ಲಿ ಹಾರ, ಕಿರೀಟ ಕಂಕುಳಲ್ಲಿ. ನಮ್ಮನ್ನೆಲ್ಲ ದಾಟಿ ನೇರ ವೇದಿಕೆ ಹತ್ತಿದರು. ಮೊದಲ ಸಾಲಿನಲ್ಲಿ ಮಸ್ತಾನ್, ಹಸಿರು ಬಟ್ಟೆ ಕಟ್ಟಿಕೊಂಡು, ತಲೆ ನೆಟ್ಟಗೆ ಇಟ್ಟುಕೊಂಡು. ಮೂರನೇ ಸಾಲಿನಲ್ಲಿ ಕೋಟಯ್ಯ. ಹಳೆಯ ಕಲಾವಿದರನ್ನೆಲ್ಲ ಕರೆದಿದ್ದರು, ಅವನೂ ಬಂದಿದ್ದ. ವೇದಿಕೆಯ ಮೂಲೆಯಲ್ಲಿ ಮಾಣಿಕ್ಯಂ, ಎದುರಿಗೆ ಎರಡು ಪೆಟ್ಟಿಗೆ, ಅವಳದೊಂದು, ಮಸ್ತಾನನದೊಂದು.

ಸಭೆಯ ಅಧ್ಯಕ್ಷರು ಅಕ್ಕಿ ಗಿರಣಿಯ ನಾಗಭೂಷಣಂ. ಅವರು ಮಾತಿಗೆ ನಿಂತರೆ ಗಿರಣಿ ನಿಂತರೂ ಅವರು ನಿಲ್ಲುವುದಿಲ್ಲ. “ಕೃಷ್ಣಾ ನದಿ ತನ್ನ ದಿಕ್ಕು ಬದಲಿಸಬಹುದು. ಮಾವು ಕಾಯಿ ಬಿಡುವುದನ್ನು ಮರೆಯಬಹುದು. ಆದರೆ ನಮ್ಮ ಭುಜಂಗರಾವ್‌ಗಾರು ಮೂವತ್ತು ವರ್ಷದಲ್ಲಿ ಐದು ಶ್ರುತಿಯಿಂದ ಅರ್ಧ ಮನೆ ಇಳಿದವರಲ್ಲ. ವಯಸ್ಸು ಎಂಬುದು ಅವರ ಗಂಟಲಿನ ಬಾಗಿಲಿಗೆ ಬಂದು, ಒಳಗೆ ಇಣುಕಿ, ಕೈಮುಗಿದು ವಾಪಸ್ಸು ಹೋಗಿದೆ.” ಚಪ್ಪಾಳೆಗೆ ಹೆಂಚು ಅದುರಿತು. ನಾವು, ಕೌರವರೂ ಪಾಂಡವರೂ, ಎಲ್ಲರಿಗಿಂತ ಜೋರಾಗಿ ತಟ್ಟಿದೆವು. ಅಪರಾಧಿಗಳ ಅಂಗೈಯಲ್ಲಿ ಬಲ ಹೆಚ್ಚು.

ಶಾಲು ಹೊದಿಸಿದರು. ಕಿರೀಟವನ್ನು ಅಧ್ಯಕ್ಷರೇ ತೊಡಿಸಲು ಹೋದಾಗ ರಾಯರು ಅದನ್ನು ಮೆಲ್ಲಗೆ ತೆಗೆದುಕೊಂಡು ಕುರ್ಚಿಯ ಮೇಲಿಟ್ಟರು.

ಮಾಣಿಕ್ಯಂ ಎರಡೂ ಪೆಟ್ಟಿಗೆಗಳ ಮೇಲೆ ಒಂದೊಂದು ಕೈ ಇಟ್ಟು ಪಿಸುಗುಟ್ಟಿದಳು. “ಯಾವುದು ಬಾಬಾಯ್?”

ರಾಯರು ಅವಳ ಪೆಟ್ಟಿಗೆಯನ್ನು ತೋರಿಸಿದರು. ಆಮೇಲೆ ಮೊದಲ ಸಾಲನ್ನು ನೋಡಿದರು, ಮೂರನೇ ಸಾಲನ್ನು ನೋಡಿದರು, ಪಕ್ಕಕ್ಕೆ ನಿಂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಮೈಕಿನ ಹತ್ತಿರ ಬಂದರು.

“ನನ್ನ ಶ್ರುತಿ ಐದಲ್ಲ, ಮೂರು,” ಎಂದರು. “ಹನ್ನೆರಡು ವರ್ಷದಿಂದ ಇಳೀತಾ ಬಂದಿದೆ. ನಮ್ಮ ತಂಡದ ಇವರಿಗೆಲ್ಲ ಗೊತ್ತು. ನನಗೆ ಮೊನ್ನೆ ಗೊತ್ತಾಯ್ತು.”